ಮಗು ಎತ್ತಿಕೊಳ್ಳಲು ಒಂದು ಸಹಿ

ಎದೆಹಾಲು ಹೆಚ್ಚಲೆಂದು ಅಮ್ಮ ದಿನವೂ ಬಡಿಸುತ್ತಿದ್ದ ಮರಿ ಶಾರ್ಕಿನ ಸಾರು ಬಾಣಂತಿ ಮಗಳಿಗೆ ಹನ್ನೊಂದೇ ದಿನಕ್ಕೆ ಸಾಕಾಗಿಹೋಯಿತು. ಮರುದಿನವೇ ಅವಳು ‘ಕಡಲಿನ ಶಾರ್ಕ್ ಮರಿಗಳನ್ನು ಉಳಿಸಿ’ ಎಂದು ಮನವಿ ಬರೆದು ತೊಟ್ಟಿಲಿಗೆ ಕಟ್ಟಿದಳು. ಸಹಿ ಹಾಕದವರು ಮಗುವನ್ನು ಎತ್ತಿಕೊಳ್ಳುವಂತಿರಲಿಲ್ಲ. ಕೇರಿಯವರೆಲ್ಲ ಹಾಕಿದರು. ಮೀನು ಮಾರುವ ಗುಲಾಬಿಯಕ್ಕನೂ ಬುಟ್ಟಿ ಇಳಿಸಿ, ಕೈ ತೊಳೆದು ಬಂದು ಹೆಬ್ಬೆಟ್ಟು ಒತ್ತಿದಳು.

ಉಳಿದವಳು ಅಮ್ಮ ಒಬ್ಬಳೇ.

“ಶಾರ್ಕಿನ ಮೇಲೆ ಅಷ್ಟೂ ಪ್ರೀತಿಯಾ ಹೆಣ್ಣೇ?”

“ಪಾಪ ಅಲ್ದಾ ಅಮ್ಮ? ಅವಕ್ಕೂ ಅಮ್ಮ ಇರುದಿಲ್ವಾ?”

“ಹೌದು ಮಾರಾಯ್ತಿ. ನಿನ್ನ ಹೆತ್ತಾಗ ನಂಗೂ ಹನ್ನೊಂದನೇ ದಿನವೇ ಪಾಪ ಅನ್ಸಿತ್ತು.”

ಅಮ್ಮ ನಗುತ್ತಾ ಸಹಿ ಹಾಕಿ, ಮೊಮ್ಮಗಳನ್ನು ಎತ್ತಿ ಮುದ್ದಾಡಿ, ಅಡುಗೆಮನೆಯತ್ತ ತಿರುಗಿದಳು.

“ನನ್ನಮ್ಮ ಆಗ ನಂಗೆ ಕೊಟ್ಟದ್ದನ್ನೇ ಇನ್ನು ನಿಂಗೂ ಕೊಡ್ತೆ. ಮೂರು ಹೊತ್ತೂ ಕಹಿ ಮೆಂತೆ ಗಂಜಿ.”