ತರಗತಿಗೇ ಮೊದಲು

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸಂಖ್ಯಾಶಾಸ್ತ್ರದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಪಕ್ಕದಲ್ಲಿ ಶಿಷ್ಯೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ದೊಡ್ಡ ವಿಶ್ವವಿದ್ಯಾಲಯದ ಎಂ.ಎಸ್ಸಿ. ಸೀಟಿಗೆ ಇವತ್ತೇ ಕಡೇ ದಿನ. ಮೇಷ್ಟ್ರ ಶಿಫಾರಸು ಕಂಪ್ಯೂಟರಿನಲ್ಲಿ ಹೋಗುವುದೊಂದೇ ಬಾಕಿ.

"ನಮ್ಮ ಕಾಲೇಜಿನ ಹೆಸರು ಪಕ್ಕದ ಬೀದಿಯವ್ರಿಗೇ ಗೊತ್ತಿಲ್ಲ. ಆದ್ರೆ ಫಸ್ಟ್ ರ‍್ಯಾಂಕ್ ಅಂದ್ರೆ ಎಂಥವ್ರೂ ತೆಪ್ಪಗಾಗ್ಬೇಕು ಕಣಮ್ಮ," ಎನ್ನುತ್ತ ಅವರು ರ‍್ಯಾಂಕಿನ ಮುಂದೆ ಜಂಬದಿಂದ ಒಂದು ಎಂದು ಒತ್ತಿದರು. ಮುಂದಿನ ಪ್ರಶ್ನೆ: ತರಗತಿಯಲ್ಲಿ ಒಟ್ಟು ಎಷ್ಟು ಜನ? ಮೇಷ್ಟ್ರ ಬೆರಳು ಗಾಳಿಯಲ್ಲೇ ನಿಂತಿತು. ಆ ವರ್ಷ ಸಂಖ್ಯಾಶಾಸ್ತ್ರ ಓದಲು ಬಂದ ಏಕೈಕ ಪ್ರಾಣಿ ಪಕ್ಕದಲ್ಲೇ ಉಗುರು ಕಚ್ಚುತ್ತಿತ್ತು.

"ಸಾರ್, ಕಾಮರ್ಸಿನವ್ರನ್ನೂ ಸೇರಿಸ್ಬಿಡಿ. ಅವ್ರೂ ಲೆಕ್ಕ ಮಾಡ್ತಾರಲ್ಲ!"

"ಸಂಖ್ಯಾಶಾಸ್ತ್ರ ಹೇಳ್ಕೊಟ್ಟೋನು ಸಂಖ್ಯೇಲೇ ಸುಳ್ಳು ಹೇಳ್ಲಾ?" ಎಂದು ಮೇಷ್ಟ್ರು ಅಲ್ಲೂ ಒಂದು ಎಂದೇ ಒತ್ತಿ ಕಳಿಸಿಯೇಬಿಟ್ಟರು.

ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಉತ್ತರ ಕೊಟ್ಟಿತು: 'ತರಗತಿಯ ಮೊದಲ ಶೇಕಡಾ ಹತ್ತರೊಳಗೆ ಬಂದವರಿಗೆ ಮಾತ್ರ ಅವಕಾಶ. ಈ ವಿದ್ಯಾರ್ಥಿನಿಯ ಸ್ಥಾನ: ಮೊದಲ ಶೇಕಡಾ ನೂರರೊಳಗೆ. ಅರ್ಜಿ ತಿರಸ್ಕೃತ.'

ಅವಳು ಕಣ್ಣೊರೆಸಿಕೊಂಡಳು. ಮೇಷ್ಟ್ರು ಬೆರಳು ಮಡಚಿ ಎರಡೆರಡು ಸಲ ತಪ್ಪು ಹುಡುಕಿದರು.

"ಲೆಕ್ಕ ಸರಿಯಾಗೇ ಇದೆ ಕಣಮ್ಮ," ಎಂದರು ಕೊನೆಗೆ. "ನಮಗೆ ಒಂಬತ್ತು ಜನ ದಡ್ಡರು ಕಮ್ಮಿ ಬಿದ್ರು."