ಷೇರಿನಿಂದ ಬಾಂಡಿಗೆ, ಬಾಂಡಿನಿಂದ ಷೇರಿಗೆ

ಷೇರು ಮಾರುಕಟ್ಟೆಯ ನಾಡಿ ಹಿಡಿಯುವುದರಲ್ಲಿ ವಾಮನಮೂರ್ತಿಗಳಿಗೆ ಸರಿಸಾಟಿಯಿಲ್ಲ ಎಂದು ಸ್ವತಃ ವಾಮನಮೂರ್ತಿಗಳೇ ಹೇಳುತ್ತಿದ್ದರು. ಕ್ಯಾಂಟೀನಿನವನು ಷೇರು ಕೊಂಡನೆಂದು ಕೇಳಿದರೆ ಸಾಕು, ಆಫೀಸಿನಿಂದಲೇ ಮಗಳಿಗೆ ಫೋನು.

"ಪುಟ್ಟೀ, ನನ್ನ ಪಿಂಚಣಿ ದುಡ್ಡನ್ನೆಲ್ಲ ಷೇರು ಫಂಡಿನಿಂದ ತೆಗೆದು ಬಾಂಡ್ ಫಂಡಿಗೆ ಹಾಕು. ರಾಹುಕಾಲಕ್ಕೆ ಮುಂಚೆ!"

ಅದೇ ಕ್ಯಾಂಟೀನಿನವನು ಮುಖ ಜೋಲು ಹಾಕಿದ ದಿನ ದುಡ್ಡು ಮತ್ತೆ ಷೇರಿಗೆ. ಆರು ವರ್ಷ ಹೀಗೇ ನಡೆಯಿತು. ಹೊರಗಿನವರೊಡನೆ ಮಾತೇ ಆಡದ ಮಗಳು ಪ್ರತಿಸಲವೂ "ಹೂಂ ಅಪ್ಪ" ಎಂದಳು.

ನಿವೃತ್ತಿಯ ದಿನ ನೋಡಿದರೆ, ಅವರ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ ಸಹೋದ್ಯೋಗಿಗಳೆಲ್ಲರ ಗಂಟಿಗಿಂತ ವಾಮನಮೂರ್ತಿಗಳ ಪಿಂಚಣಿ ಗಂಟೇ ದೊಡ್ಡದು.

"ನಿಮಗೆಲ್ಲ ಕೈಗುಣ ಇಲ್ಲ ಕಣ್ರೀ" ಎಂದರು ವಾಮನಮೂರ್ತಿಗಳು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀಳ್ಕೊಡುಗೆಯ ಬಾದುಷಾ ಮುರಿಯುತ್ತ.

ಮುಂದಿನ ವರ್ಷ ನಿವೃತ್ತರಾಗಲಿದ್ದ ಟೈಪಿಸ್ಟ್ ಲೀಲಾವತಿ ಕೈಮುಗಿದರು. "ಸರ್, ಗಂಡನಿಲ್ಲದೋಳು, ನನಗಿರೋದು ಅದೊಂದೇ ದುಡ್ಡು. ಇನ್ಮುಂದೆ ನೀವೇ ನೋಡ್ಕೊಳ್ಳಿ."

"ಪಾಸ್‌ವರ್ಡು ನಮ್ಮ ಪುಟ್ಟಿ ಕೈಗೆ ಕೊಡಿ ತಾಯಿ. ಟೈಮು ನಾನು ಹೇಳ್ತೀನಿ, ಗುಂಡಿ ಅವಳು ಒತ್ತುತ್ತಾಳೆ. ಒಂದು ಸಲಾನೂ ತಪ್ಪಿಲ್ಲ, ಅಲ್ವೇನೇ?"

ಮಗಳು ಮೊದಲ ಬಾರಿಗೆ ಹೂಂ ಅನ್ನಲಿಲ್ಲ.

"ಅಪ್ಪ, ಆರು ವರ್ಷದಿಂದ ನಿಮ್ಮ ದುಡ್ಡು ಷೇರು ಫಂಡಲ್ಲಿ ಇದ್ದಲ್ಲೇ ಇದೆ. ಮೊದಲನೇ ಸಲವೇ ಪಾಸ್‌ವರ್ಡ್ ಮರೆತುಹೋಗಿತ್ತು. ಹೊಸದು ಬೇಕಂದ್ರೆ ಫಂಡಿನೋರಿಗೆ ಫೋನ್ ಮಾಡಿ ಮಾತಾಡ್ಬೇಕಿತ್ತು. ನನಗೆ ನಾಚಿಕೆ ಆಯ್ತು."

ಬಾದುಷಾ ವಾಮನಮೂರ್ತಿಗಳ ಬಾಯಲ್ಲೇ ನಿಂತಿತು. ಲೀಲಾವತಿ ತಮ್ಮ ಪಾಸ್‌ವರ್ಡ್ ಬರೆದ ಚೀಟಿಯನ್ನು ಹುಡುಗಿಯ ಅಂಗೈಯಲ್ಲಿಟ್ಟು, ಬೆರಳು ಮಡಿಸಿ ಹೇಳಿದರು:

"ಇದನ್ನೂ ಮರೆತುಬಿಡಮ್ಮ."