ಅಂಕಿ ಅಳಿಸಿಹೋದ ರಿಮೋಟ್

"ಇದೂ ಬೇಡ," ಎಂದು ಅಮ್ಮ ಮೂರನೆಯ ರಿಮೋಟನ್ನೂ ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟರು.

ಮಗ ಹಣೆ ಒತ್ತಿಕೊಂಡ. "ಅಮ್ಮಾ, ಇದಕ್ಕಿಂತ ಸುಲಭದ ಸೆಟ್ ಟಾಪ್ ಬಾಕ್ಸ್ ಪ್ರಪಂಚದಲ್ಲೇ ಇಲ್ಲ. ಅಂಗಡಿಯವರ ಮುಖ ನೋಡು, ಪಾಪ."

"ನೋಡಿದೆ. ಅವರ ಮುಖಕ್ಕೇನೂ ಆಗಿಲ್ಲ. ನಿನ್ನ ಮುಖಕ್ಕೇನಾಯಿತು? ಮೀಸೆ ಯಾಕೋ ಬೋಳಿಸಿಕೊಂಡೆ?"

ಅಂಗಡಿಯಾತ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಟ್ಟ.

ಹದಿನೈದು ದಿನದ ಹಿಂದೆ, ಒಂದು ಮಧ್ಯಾಹ್ನ, ಮನೆಯ ಟಿ.ವಿ. ಗಂಟೆಗಟ್ಟಲೆ ಗಂಟಲು ಹರಿದುಕೊಂಡಿತ್ತು. ಪಕ್ಕದ ಮನೆಯಾಕೆ ತಡೆಯಲಾರದೆ ಮಗನಿಗೆ ಫೋನ್ ಮಾಡಿದ್ದರು. ಅವನು ಓಡಿಬಂದಾಗ ಅಮ್ಮ ಔಷಧಿಯ ಚೀಲವನ್ನು ಇನ್ನೂ ಭುಜದಿಂದ ಇಳಿಸಿರಲಿಲ್ಲ. "ನಾನೇ ಏನೋ ಒತ್ತಿಬಿಟ್ಟೆ ಕಣೋ," ಎಂದಿದ್ದರು. ಅಪ್ಪ ಕುರ್ಚಿಯಲ್ಲಿ ತುಟಿ ಬಿಗಿದು ಕೂತಿದ್ದರು.

ಆ ಸಂಜೆಯೇ ಮಗ ಮತ್ತು ಮಗಳು ಮಾತಾಡಿಕೊಂಡರು. ಅಮ್ಮನಿಗೆ ಮರೆವು ಶುರುವಾಗಿದೆ. ಇನ್ನು ಇಬ್ಬರೇ ಇರುವುದು ಸರಿಯಲ್ಲ. ಯಾರ ಮನೆಯಲ್ಲೂ ಇಬ್ಬರಿಗೆ ಜಾಗವಿಲ್ಲ. ಅಮ್ಮ ಮಗಳ ಮನೆಗೆ, ಅಪ್ಪ ಮಗನ ಮನೆಗೆ.

"ಐವತ್ತೆರಡು ವರ್ಷ ಒಟ್ಟಿಗಿದ್ದೀವಿ. ಹಂಚಿಕೊಳ್ಳೋಕೆ ನಾವೇನು ಪಾತ್ರೆ ಪಡಗವೇನೋ?" ಎಂದು ಅಮ್ಮ ಗುಡುಗಿದ ಮೇಲೆ ಮಗ ಒಂದು ಮೆಟ್ಟಿಲು ಇಳಿದ. ಸುಲಭವಾದ ಹೊಸ ಬಾಕ್ಸ್ ಕೊಡಿಸುತ್ತೇನೆ. ಅದನ್ನು ಒಬ್ಬೊಬ್ಬರಾಗಿ, ಇನ್ನೊಬ್ಬರ ಸಹಾಯವಿಲ್ಲದೆ ನಡೆಸಿ ತೋರಿಸಿ. ಆಗ ಇಬ್ಬರೂ ಇಲ್ಲೇ ಇರಿ. ಇಲ್ಲವಾದರೆ ಭಾನುವಾರ ಕಾರು ತರುತ್ತೇನೆ, ಗಂಟುಮೂಟೆ ಕಟ್ಟಿರಿ.

ಇವತ್ತು ಗುರುವಾರ.

ಅಂಗಡಿಯಾತ ಮೊದಲು ತೋರಿಸಿದ್ದ ರಿಮೋಟ್ ಕನ್ನಡಿಯಷ್ಟು ನುಣುಪು. ಅಮ್ಮ ಅದನ್ನು ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳಾಡಿಸಿ ಕೆಳಗಿಟ್ಟರು.

"ನಿದ್ದೆ ಬರ್ತಿದೆಯಾ ಅಮ್ಮಾ?"

"ಯೋಚನೆ ಮಾಡ್ತಿದ್ದೀನಿ. ನಿಮ್ಮ ಕಾಲದವರಿಗೆ ಎರಡೂ ಒಂದೇ ಥರ ಕಾಣುತ್ತೆ."

ಎರಡನೆಯದರಲ್ಲಿ ಪರದೆಯ ತುಂಬ ದೊಡ್ಡ ದೊಡ್ಡ ಚಿತ್ರಗಳು. ಅದಕ್ಕೂ ತಲೆಯಾಡಿಸಿದರು. ಮೂರನೆಯದು ಮಾತು ಕೇಳುವ ರಿಮೋಟ್. ಅಮ್ಮನ ಮುಖ ಅರಳಿತು. ಅದನ್ನು ಬಾಯಿಯ ಹತ್ತಿರ ತಂದು "ವಾರ್ತೆ" ಎಂದರು. ಪರದೆಯ ಮೇಲೆ ಹನ್ನೆರಡು ಹೆಸರುಗಳು ಸಾಲಾಗಿ ನಿಂತವು. "ಒಂದನ್ನು ಆರಿಸಿ," ಎಂದಿತು ಯಂತ್ರ. ಅರಳಿದ ಮುಖ ಮುಚ್ಚಿಕೊಂಡಿತು.

"ಅದೋ, ಅದು ಕೊಡಿ," ಎಂದರು ಅಮ್ಮ, ಮೂಲೆಯ ಕಪಾಟಿನತ್ತ ಕೈ ತೋರಿಸಿ.

ಇಟ್ಟಿಗೆಯಂಥ ಹಳೆಯ ಬಾಕ್ಸ್. ಅದರ ರಿಮೋಟಿನಲ್ಲಿ ಗೋಲಿಯಂತೆ ಉಬ್ಬಿದ ರಬ್ಬರ್ ಬಟನ್‌ಗಳು. ಜನ ಒತ್ತಿ ಒತ್ತಿ ಅಂಕಿಗಳೆಲ್ಲ ಅಳಿಸಿಹೋಗಿದ್ದವು.

"ಅಮ್ಮಾ, ಒಂದು ಯಾವುದು ಒಂಬತ್ತು ಯಾವುದು ಅಂತ ದೇವರಿಗೂ ಗೊತ್ತಾಗಲ್ಲ!"

"ದೇವರೇನು ನಮ್ಮನೇಲಿ ಟಿ.ವಿ. ನೋಡ್ತಾನಾ? ನನಗಿದೇ ಬೇಕು."

ಮಗನ ಫೋನ್ ಬಡಿದುಕೊಂಡಿತು. ಅವನು ಗೊಣಗುತ್ತಾ ರಸ್ತೆಗೆ ಇಳಿದ. ಅಂಗಡಿಯಾತ ಅಮ್ಮನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಹೆಚ್ಚು ಬೇಕಾಗೋ ಚಾನೆಲ್ ಯಾವುದಮ್ಮ?" ಎಂದ.

"ವಾರ್ತೆ. ಆಮೇಲೆ ಹಳೇ ಹಾಡು."

ಆತ ಎರಡೂ ಒಂದೊಂದೇ ಬಟನ್ನಿಗೆ ಬರುವಂತೆ ಹೊಂದಿಸಿದ. ಗೋಂದಿನ ಸೀಸೆ ತೆಗೆದು ಒಂದರ ಮೇಲೆ ಒಂದು ಹನಿ, ಇನ್ನೊಂದರ ಮೇಲೆ ಎರಡು ಹನಿ ಬಿಟ್ಟು, ಆರಲೆಂದು ಊದಿದ. "ನಮ್ಮ ಮನೇಲೂ ಹೀಗೇ ಮಾಡಿಕೊಟ್ಟಿದ್ದೆ," ಎಂದನಷ್ಟೆ. ಮತ್ತೇನೂ ಕೇಳಲಿಲ್ಲ. ಕೇಳದಿದ್ದುದಕ್ಕೆ ಅಮ್ಮ ಅವನಿಗೆ ಮನಸ್ಸಿನಲ್ಲೇ ಕೈಮುಗಿದರು.

ಭಾನುವಾರ ಹತ್ತು ಗಂಟೆಗೆ ಮಗ ಬಂದ. ಚಪ್ಪಲಿ ಹೊರಗೆ ಬಿಟ್ಟು, "ಅಪ್ಪಾ," ಎನ್ನುತ್ತಾ ಒಳಗೆ ಕಾಲಿಟ್ಟ. ಟಿ.ವಿ.ಯ ಎದುರು, ಒಗೆದ ಅಂಗಿ ತೊಟ್ಟು, ಹೊಳೆಯುವಂತೆ ಒರೆಸಿದ ಕನ್ನಡಕ ಹಾಕಿಕೊಂಡು ಅಪ್ಪ ಕೂತಿದ್ದರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಈಗಲೂ ಬೆನ್ನು ನೆಟ್ಟಗೆ.

"ಏನೋ ಬೋಳು ಮೋರೆ! ಮೀಸೆ ಎಲ್ಲಿ ಅಡವಿಟ್ಟೆ?" ಎಂದರು.

ಮಗ ನಾಚಿ ನಕ್ಕ. ಗಾಡಿಯ ಕೀಲಿಗೊಂಚಲನ್ನು ಟಿ.ವಿ. ಪಕ್ಕ ಇಟ್ಟು, "ಮೊದಲು ಅಮ್ಮ," ಎಂದ.

ಅಮ್ಮ ವಾರ್ತೆ ಹಾಕಿದರು, ಹಾಡು ಹಾಕಿದರು, ಸದ್ದು ಏರಿಸಿದರು, ಇಳಿಸಿದರು. ಆಮೇಲೆ ರಿಮೋಟನ್ನು ಅಪ್ಪನ ಅಂಗೈಯಲ್ಲಿಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಸೆರಗಿನ ತುದಿ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಅಪ್ಪನ ಹೆಬ್ಬೆರಳು, ಹಿಂದೆ ಕೈಗಡಿಯಾರದ ಬೆನ್ನ ಮೇಲೆ ನಿಲ್ಲುತ್ತಿದ್ದಂತೆ, ಒಂದು ಕ್ಷಣ ನಿಂತಿತು. ಒತ್ತಿತು. ವಾರ್ತೆ.

"ವಾರ್ತೆ ಓದೋ ಈ ಹುಡುಗಿ ಇವತ್ತೂ ತಡವರಿಸ್ತಾಳೆ," ಎಂದರು. ಹಾಡಿಗೆ ಬದಲಿಸಿದರು. ಸದ್ದು ತಗ್ಗಿಸಿದರು. "ಸಾಕೋ? ಇನ್ನೂ ಪರೀಕ್ಷೆ ಇದೆಯೋ?"

"ಸಾಕಪ್ಪಾ." ಮಗನ ದನಿ ಮೆತ್ತಗಾಗಿತ್ತು. "ಇಬ್ಬರೂ ಇಲ್ಲೇ ಇರಿ. ಅಕ್ಕನಿಗೆ ನಾನು ಹೇಳ್ತೀನಿ. ಬರ್ಲಾ?"

ಬಾಗಿಲು ಮುಚ್ಚಿಕೊಂಡಿತು. ಅಮ್ಮ ಸೆರಗು ಬಿಟ್ಟರು. ಅಷ್ಟರಲ್ಲಿ ಬಾಗಿಲು ಮತ್ತೆ ಸದ್ದಿಲ್ಲದೆ ತೆರೆಯಿತು. ಮಗ ಕೀಲಿ ಮರೆತಿದ್ದ. ಬರಿಗಾಲಲ್ಲಿ ಒಳಬಂದು, ಟಿ.ವಿ.ಗೂ ಅಪ್ಪನ ಕುರ್ಚಿಗೂ ನಡುವೆ ನಿಂತು ಕೈ ಚಾಚಿದ. ಕಿಟಕಿಯ ಬಿಸಿಲು ನೇರ ಅವನ ಮುಖದ ಮೇಲಿತ್ತು.

ಅಪ್ಪ ಅವನ ಕಡೆಗೇ ಮುಖ ಮಾಡಿ ಪಿಸುಗುಟ್ಟಿದರು: "ಹೋದನೇನೇ? ಏನೂ ಗೊತ್ತಾಗಲಿಲ್ಲ ತಾನೇ?"

"ಹೋದ ಕಣ್ರೀ, ಏನೂ ಗೊತ್ತಾಗಲಿಲ್ಲ," ಎಂದರು ಅಮ್ಮ, ಮಗನ ಕಣ್ಣಲ್ಲಿ ಕಣ್ಣಿಟ್ಟು. ಅವನು ಕೀಲಿಗೊಂಚಲು ಗಲ್ಲೆನ್ನದಂತೆ ಮುಷ್ಟಿಯಲ್ಲಿ ಅದುಮಿಕೊಂಡು, ತುದಿಗಾಲಲ್ಲಿ ಹೊರಗೆ ನಡೆದ.